ಟ್ರೇಲರ್‌ನಲ್ಲಿ ಕೇಳಿಸುವ ಆ ಧ್ವನಿ ಗಂಡಸಿನದೇ ಏಕೆ?

ಹಾಲಿವುಡ್ ಚಿತ್ರಗಳ ಟ್ರೇಲರ್‌ಗಳಲ್ಲಿ ಮುಖ ಕಾಣಿಸದ ಧ್ವನಿಯೊಂದು ದಶಕಗಳ ಕಾಲ ಕೇಳಿಸುತ್ತಿತ್ತು. ಇಡೀ ಚಿತ್ರದ ಕಥೆಯನ್ನು ಎರಡು ಮೂರು ವಾಕ್ಯಗಳಲ್ಲಿ ಹೇಳಿ, ಅರ್ಧದಲ್ಲೇ ನಿಲ್ಲಿಸಿ, ಪ್ರೇಕ್ಷಕರನ್ನು ಚಿತ್ರಮಂದಿರಕ್ಕೆ ಕರೆತರುವುದು ಅದರ ಕೆಲಸ. ಸಾಹಸಚಿತ್ರವಿರಲಿ, ಪ್ರೇಮಕಥೆಯಿರಲಿ, ಮಕ್ಕಳ ಚಿತ್ರವಿರಲಿ, ಆ ಧ್ವನಿ ಹೆಚ್ಚುಕಡಿಮೆ ಯಾವಾಗಲೂ ಗಂಡಸಿನದೇ ಆಗಿರುತ್ತಿತ್ತು. 2013ರಲ್ಲಿ ಬಿಡುಗಡೆಯಾದ ‘ಇನ್ ಎ ವರ್ಲ್ಡ್’ ಎಂಬ ಅಮೆರಿಕನ್ ಹಾಸ್ಯಚಿತ್ರ ಈ ಸಂಗತಿಯನ್ನೇ ತನ್ನ ವಸ್ತುವಾಗಿ ಎತ್ತಿಕೊಂಡಿತು. ನಟಿ ಲೇಕ್ ಬೆಲ್ ಅದನ್ನು ಬರೆದು, ನಿರ್ದೇಶಿಸಿ, ಮುಖ್ಯ ಪಾತ್ರವನ್ನೂ ತಾವೇ ವಹಿಸಿದರು. ಪೂರ್ಣಪ್ರಮಾಣದ ಚಿತ್ರವೊಂದನ್ನು ಅವರು ನಿರ್ದೇಶಿಸಿದ್ದು ಅದೇ ಮೊದಲು. ಆ ವರ್ಷದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಚಿತ್ರಕಥೆಗಾಗಿ ಕೊಡುವ ವಾಲ್ಡೊ ಸಾಲ್ಟ್ ಪ್ರಶಸ್ತಿ ಅವರಿಗೆ ಬಂತು.

ಚಿತ್ರವನ್ನು ನೋಡಿ ನಕ್ಕು ಎದ್ದುಬರುವುದು ಸುಲಭ, ಏಕೆಂದರೆ ಅದು ನಿಜಕ್ಕೂ ನಗಿಸುತ್ತದೆ. ಆದರೆ ಅದು ತೋರಿಸುವ ಉದ್ಯಮ ಹೇಗೆ ನಡೆಯುತ್ತದೆ, ಅಲ್ಲಿ ಕೆಲಸ ಯಾರಿಗೆ ಹೇಗೆ ಸಿಗುತ್ತದೆ, ಗಂಡಸಿನ ದನಿಗೆ ಅಧಿಕಾರದ ತೂಕ ಎಲ್ಲಿಂದ ಬಂತು ಎಂಬುದನ್ನು ತಿಳಿದುಕೊಂಡು ನೋಡಿದರೆ ಅದೇ ಹಾಸ್ಯ ಬೇರೊಂದು ಆಳದಲ್ಲಿ ಕಾಣುತ್ತದೆ.

ಚಿತ್ರದ ಹೆಸರಿನಿಂದಲೇ ತೊಡಗಬೇಕು. ‘ಇನ್ ಎ ವರ್ಲ್ಡ್’, ಅಂದರೆ ‘ಇಂಥದ್ದೊಂದು ಲೋಕದಲ್ಲಿ’, ಎಂಬುದು ಅಮೆರಿಕದ ಟ್ರೇಲರ್‌ಗಳ ಅತಿ ಪ್ರಸಿದ್ಧ ಆರಂಭವಾಕ್ಯ. ಅದನ್ನು ಮನೆಮಾತಾಗಿಸಿದವರು ಡಾನ್ ಲಾಫಾಂಟೇನ್. 1940ರಲ್ಲಿ ಮಿನೆಸೋಟ ರಾಜ್ಯದ ಡುಲುತ್‌ನಲ್ಲಿ ಹುಟ್ಟಿದ ಅವರು ಮೊದಲು ಧ್ವನಿಮುದ್ರಣ ಮತ್ತು ಸಂಕಲನದ ಕೆಲಸದಲ್ಲಿದ್ದರು. ಟ್ರೇಲರ್‌ಗಳಿಗೆ ಬರೆಯುತ್ತಲೂ ಇದ್ದರು. 1964ರಲ್ಲಿ ಒಂದು ಕೌಬಾಯ್ ಚಿತ್ರದ ಪ್ರಚಾರಕ್ಕೆ ದನಿ ಕೊಡಬೇಕಿದ್ದ ಕಲಾವಿದರು ಬಾರದೆ ಹೋದಾಗ ಲಾಫಾಂಟೇನ್ ತಾವೇ ಓದಿದರು, ಚಿತ್ರ ಸಂಸ್ಥೆ ಅದನ್ನೇ ಒಪ್ಪಿಕೊಂಡಿತು. ಮುಂದಿನ ನಾಲ್ಕು ದಶಕಗಳಲ್ಲಿ ಅವರು ದನಿ ಕೊಟ್ಟ ಟ್ರೇಲರ್‌ಗಳ ಸಂಖ್ಯೆ 5,000 ದಾಟಿತು. ಬೇಡಿಕೆ ಎಷ್ಟಿತ್ತೆಂದರೆ, ಒಂದು ಸ್ಟುಡಿಯೊದಿಂದ ಇನ್ನೊಂದಕ್ಕೆ ಬೇಗ ತಲುಪಲು ಅವರು ಚಾಲಕನಿದ್ದ ಲಿಮೊಸಿನ್ ಕಾರನ್ನೇ ಇಟ್ಟುಕೊಂಡಿದ್ದರು. ಮುಂದೆ ಮನೆಯಲ್ಲೇ ಧ್ವನಿಮುದ್ರಣದ ಕೋಣೆ ಮಾಡಿಕೊಂಡು ದೂರವಾಣಿ ತಂತಿಯ ಮೂಲಕ ದನಿ ಕಳಿಸತೊಡಗಿದರು.

ಆ ಆರಂಭವಾಕ್ಯ ಅಷ್ಟು ಬಾರಿ ಬಳಕೆಯಾಗಲು ಸರಳ ಕಾರಣವಿದೆ. ಟ್ರೇಲರ್‌ಗೆ ಸಿಗುವುದು ಎರಡು ಎರಡೂವರೆ ನಿಮಿಷ. ಅಷ್ಟರೊಳಗೆ ನೋಡುಗನನ್ನು ಅವನ ದಿನನಿತ್ಯದಿಂದ ಎತ್ತಿ, ನೂರು ವರ್ಷ ಮುಂದಿನ ನಗರಕ್ಕೋ ಮಧ್ಯಯುಗದ ಯುದ್ಧಭೂಮಿಗೋ ಒಯ್ದು, ಅಲ್ಲಿನ ನಿಯಮಗಳನ್ನು ತಿಳಿಸಿ, ನಾಯಕನ ಸಂಕಟವನ್ನೂ ಹೇಳಬೇಕು. ದೃಶ್ಯಗಳಿಂದಲೇ ಇದನ್ನೆಲ್ಲ ಹೇಳಲು ಸಮಯ ಸಾಲದು. ‘ಇಂಥದ್ದೊಂದು ಲೋಕದಲ್ಲಿ’ ಎಂದುಬಿಟ್ಟರೆ ಆ ಲೋಕವನ್ನು ಕೇಳುಗ ಪ್ರಶ್ನಿಸದೆ ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಳ್ಳಬೇಕಾದರೆ ಹೇಳುವ ದನಿ ಎಲ್ಲವನ್ನೂ ಬಲ್ಲವರ ದನಿಯಂತಿರಬೇಕು. ಅಲ್ಲಿ ಹೆಣ್ಣಿನ ದನಿ ಬಂದರೆ ಆ ಗಾಂಭೀರ್ಯ ಕುಸಿಯುತ್ತದೆ ಎಂಬುದು ಉದ್ಯಮದಲ್ಲಿ ಯಾರೂ ಪರೀಕ್ಷಿಸಿ ನೋಡದೆ ನಂಬಿಕೊಂಡು ಬಂದ ಮಾತಾಗಿತ್ತು.

ಲಾಫಾಂಟೇನ್ 2008ರ ಸೆಪ್ಟೆಂಬರ್ 1ರಂದು ತೀರಿಕೊಂಡರು. ಬೆಲ್ ಅವರ ಚಿತ್ರ ಈ ನಿಜದ ಸಾವಿನಿಂದಲೇ ಆರಂಭವಾಗುತ್ತದೆ. ದೊರೆ ಹೋದ ಮೇಲೆ ಸಿಂಹಾಸನ ಯಾರಿಗೆ ಎಂಬುದು ಅದರ ಪ್ರಶ್ನೆ. ಸ್ಯಾಮ್ ಎಂಬ ಹಿರಿಯ ಕಲಾವಿದ ತನ್ನನ್ನು ಉದ್ಯಮದ ಹಿರಿತಲೆ ಎಂದು ಭಾವಿಸಿದ್ದಾನೆ; ಗುಸ್ತಾವ್ ಎಂಬ ಕಿರಿಯನನ್ನು ತನ್ನ ಉತ್ತರಾಧಿಕಾರಿಯಾಗಿ ಬೆಳೆಸುತ್ತಿದ್ದಾನೆ. ಸ್ಯಾಮ್‌ನ ಮಗಳು ಕ್ಯಾರೊಲ್ ಕೂಡ ಧ್ವನಿಯ ಕೆಲಸವನ್ನೇ ಬಲ್ಲವಳು. ನಟನಟಿಯರಿಗೆ ಉಚ್ಚಾರಣೆ ಕಲಿಸುತ್ತಾಳೆ, ಹೋದಲ್ಲೆಲ್ಲ ಪುಟ್ಟ ರೆಕಾರ್ಡರ್ ಹಿಡಿದು ಬೇರೆ ಬೇರೆ ಸೀಮೆಯವರ ಮಾತಿನ ಧಾಟಿಯನ್ನು ಸಂಗ್ರಹಿಸುತ್ತಾಳೆ. ಆದರೆ ಅಪ್ಪನ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಟ್ರೇಲರ್‌ಗೆ ಹೆಂಗಸರ ದನಿ ಒಗ್ಗುವುದಿಲ್ಲ ಎಂದು ಅವನು ಬಲವಾಗಿ ನಂಬಿದ್ದಾನೆ. ತನ್ನ ಕಿರಿವಯಸ್ಸಿನ ಗೆಳತಿಯನ್ನು ಮನೆಗೆ ಕರೆತರಲು ಮಗಳನ್ನು ಮನೆಯಿಂದ ಹೊರಡಿಸಿಯೂ ಬಿಡುತ್ತಾನೆ. ಸ್ಯಾಮ್‌ನ ಪಾತ್ರ ಮಾಡಿರುವ ಫ್ರೆಡ್ ಮೆಲಮೆಡ್ ನಿಜ ಜೀವನದಲ್ಲೂ ಬಹುಕಾಲ ಜಾಹೀರಾತು ಮತ್ತು ಪ್ರಚಾರಗಳಿಗೆ ದನಿ ಕೊಟ್ಟವರು. ಅಂಥ ಕಂಚಿನ ಕಂಠದಿಂದ ಸಣ್ಣತನದ ಮಾತುಗಳು ಹೊರಬರುವಾಗ ಹುಟ್ಟುವ ಹಾಸ್ಯ ಈ ಚಿತ್ರದ ದೊಡ್ಡ ಆಸ್ತಿ.

ಕ್ಯಾರೊಲ್‌ಗೆ ಅವಕಾಶ ಸಿಗುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಉದ್ಯಮದ ಒಳಗುಟ್ಟು ಅಲ್ಲಿದೆ. ಟ್ರೇಲರ್‌ಗಳನ್ನು ಸಾಮಾನ್ಯವಾಗಿ ಚಿತ್ರದ ನಿರ್ದೇಶಕರು ತಯಾರಿಸುವುದಿಲ್ಲ. ಅದಕ್ಕೆಂದೇ ಇರುವ ಸಂಸ್ಥೆಗಳು ತಯಾರಿಸುತ್ತವೆ. ಬರಹಗಾರರು ನಿರೂಪಣೆಯ ಸಾಲುಗಳನ್ನು ಬರೆಯುತ್ತಾರೆ, ಸಂಕಲನಕಾರರು ದೃಶ್ಯಗಳನ್ನು ಜೋಡಿಸುತ್ತಾರೆ. ಸಾಲುಗಳು ಎಲ್ಲಿ ಬೀಳಬೇಕು, ಎಷ್ಟು ಉದ್ದವಿರಬೇಕು ಎಂದು ತಿಳಿಯಲು ತಾತ್ಕಾಲಿಕವಾಗಿ ಯಾರದಾದರೂ ದನಿಯನ್ನು ಮುದ್ರಿಸಿ ಇಡುತ್ತಾರೆ. ಅದಕ್ಕೆ ಸ್ಕ್ರ್ಯಾಚ್ ಎಂದು ಹೆಸರು. ನಮ್ಮ ಚಿತ್ರಸಂಗೀತದಲ್ಲಿ ಹೆಸರಾಂತ ಗಾಯಕರು ಬರುವ ಮುನ್ನ ಬೇರೊಬ್ಬರಿಂದ ಟ್ರ್ಯಾಕ್ ಹಾಡಿಸಿಡುವ ಪದ್ಧತಿ ಇದೆಯಲ್ಲ, ಅದೇ ಬಗೆಯ ಕೆಲಸ ಇದು. ಇದಾದ ಮೇಲೆ ಅದನ್ನು ಚಿತ್ರ ಸಂಸ್ಥೆಯ ಮಾರಾಟ ವಿಭಾಗದವರು ನೋಡುತ್ತಾರೆ, ತಿದ್ದಿಸುತ್ತಾರೆ, ಮತ್ತೆ ನೋಡುತ್ತಾರೆ. ಕೊನೆಗೆ ಹೆಸರಾಂತ ಕಲಾವಿದರನ್ನು ಕರೆಸಿ ಅಂತಿಮ ಧ್ವನಿಮುದ್ರಣ ಮಾಡಿಸುತ್ತಾರೆ. ಗುಸ್ತಾವ್ ಸಿಗದಿದ್ದ ಹೊತ್ತಿನಲ್ಲಿ ಕ್ಯಾರೊಲ್‌ಳಿಂದ ತಾತ್ಕಾಲಿಕವಾಗಿ ಓದಿಸಲಾಗುತ್ತದೆ, ಅದನ್ನು ಕೇಳಿದವರು ಅದನ್ನೇ ಇಟ್ಟುಕೊಳ್ಳುತ್ತಾರೆ. 1964ರಲ್ಲಿ ಲಾಫಾಂಟೇನ್ ಒಳಬಂದದ್ದೂ ಇಂಥದೇ ಬಾಗಿಲಿನಿಂದ. ಪ್ರಯೋಗಕ್ಕೆ ಎಲ್ಲರೂ ಹಿಂಜರಿಯುವ ಕಡೆ ಹೊಸ ದನಿಯೊಂದು ಕಿವಿಗೆ ಬೀಳಬೇಕಾದರೆ ಹಳೆಯ ದನಿ ಒಂದು ದಿನ ಗೈರುಹಾಜರಾಗಬೇಕು; ಕೇಳದೆ ಇದ್ದದ್ದನ್ನು ಯಾರೂ ಆರಿಸಿಕೊಳ್ಳುವುದಿಲ್ಲ.

ಈಗ ದನಿಯ ಶರೀರಶಾಸ್ತ್ರಕ್ಕೆ ಬರೋಣ. ಧ್ವನಿಪೆಟ್ಟಿಗೆಯೊಳಗಿನ ಧ್ವನಿತಂತುಗಳು ಉಸಿರಿನ ಒತ್ತಡಕ್ಕೆ ಕಂಪಿಸಿದಾಗ ದನಿ ಹುಟ್ಟುತ್ತದೆ. ಹರೆಯದಲ್ಲಿ ಹುಡುಗರ ಧ್ವನಿಪೆಟ್ಟಿಗೆ ಹಿಗ್ಗಿ ತಂತುಗಳು ಉದ್ದವೂ ದಪ್ಪವೂ ಆಗುವುದರಿಂದ ಅವು ನಿಧಾನವಾಗಿ ಕಂಪಿಸುತ್ತವೆ, ದನಿ ಮಂದ್ರಕ್ಕೆ ಇಳಿಯುತ್ತದೆ. ಮಾತನಾಡುವಾಗ ವಯಸ್ಕ ಗಂಡಸರ ದನಿಯ ಮೂಲ ಕಂಪನ ಸೆಕೆಂಡಿಗೆ ಸುಮಾರು 85ರಿಂದ 180ರವರೆಗೆ, ಹೆಂಗಸರದು ಸುಮಾರು 165ರಿಂದ 255ರವರೆಗೆ ಇರುತ್ತದೆ. ಈ ಎರಡು ವ್ಯಾಪ್ತಿಗಳು ಒಂದರ ಮೇಲೊಂದು ಸ್ವಲ್ಪ ಹಾದುಹೋಗುತ್ತವೆ ಎಂಬುದನ್ನು ಗಮನಿಸಬೇಕು. ಮಂದ್ರದಲ್ಲಿ ಮಾತನಾಡುವ ಹೆಂಗಸರು, ತಾರದಲ್ಲಿ ಮಾತನಾಡುವ ಗಂಡಸರು ಎಲ್ಲ ಊರಿನಲ್ಲೂ ಇದ್ದಾರೆ.

ಮಂದ್ರ ದನಿಯ ಕಡೆ ಕೇಳುಗರ ಒಲವು ಇರುವುದು ಸುಳ್ಳಲ್ಲ. ಅಮೆರಿಕದ ಸಂಶೋಧಕರಾದ ಕೇಸಿ ಕ್ಲಾಫ್‌ಸ್ಟಡ್, ರಿಂಡಿ ಆಂಡರ್ಸನ್ ಮತ್ತು ಸೂಸನ್ ಪೀಟರ್ಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡಸರ ಮತ್ತು ಹೆಂಗಸರ ದನಿಗಳಲ್ಲಿ ಮತ ಕೇಳುವ ಒಂದೇ ವಾಕ್ಯವನ್ನು ಮುದ್ರಿಸಿ, ಪ್ರತಿ ದನಿಯನ್ನೂ ಕಂಪ್ಯೂಟರ್‌ನಲ್ಲಿ ತುಸು ಏರಿಸಿ ಒಂದು, ತುಸು ಇಳಿಸಿ ಒಂದು ಪ್ರತಿ ಮಾಡಿ ಜನರಿಗೆ ಕೇಳಿಸಿದರು. ಗಂಡು ದನಿಯಲ್ಲೂ ಹೆಣ್ಣು ದನಿಯಲ್ಲೂ ಇಳಿಸಿದ ಪ್ರತಿಗೇ ಹೆಚ್ಚಿನವರು ಒಲಿದರು. ಈ ಫಲಿತಾಂಶವನ್ನು ಎರಡು ಬಗೆಯಲ್ಲಿ ಓದಬಹುದು. ಮಂದ್ರ ದನಿಗೆ ಸಹಜವಾಗಿಯೇ ಅಧಿಕಾರವಿದೆ ಎನ್ನುವುದು ಒಂದು. ಅಧಿಕಾರದ ಜಾಗಗಳಲ್ಲಿ ತಲೆತಲಾಂತರದಿಂದ ಅದೇ ದನಿಯನ್ನು ಕೇಳಿ ಕೇಳಿ ಕಿವಿ ಪಳಗಿದೆ ಎನ್ನುವುದು ಇನ್ನೊಂದು. ಎರಡನೆಯದರ ಪಾಲು ಉದ್ಯಮದವರು ಒಪ್ಪುವುದಕ್ಕಿಂತ ತುಂಬ ಹೆಚ್ಚಿನದೆಂದು ನನಗನ್ನಿಸುತ್ತದೆ, ಏಕೆಂದರೆ ದನಿ ಹಂಚುವ ಯಂತ್ರಗಳ ಇತಿಹಾಸ ಅದನ್ನೇ ಹೇಳುತ್ತದೆ.

ಮಾತಿನ ಸ್ಪಷ್ಟತೆ ಮೂಲ ಕಂಪನದಲ್ಲಿ ಇರುವುದಿಲ್ಲ. ಅದಕ್ಕಿಂತ ಬಹಳ ಮೇಲಿನ ಕಂಪನಗಳಲ್ಲಿರುತ್ತದೆ. ‘ಸ’ದಂಥ ಊಷ್ಮಾಕ್ಷರದ ಶಕ್ತಿಯ ದೊಡ್ಡ ಭಾಗ 4,000 ಹರ್ಟ್ಜ್‌ಗಿಂತ, ಅಂದರೆ ಸೆಕೆಂಡಿಗೆ 4,000 ಕಂಪನಗಳಿಗಿಂತ, ಮೇಲಿರುತ್ತದೆ, ಹೆಂಗಸರ ಮಾತಿನಲ್ಲಿ ಇನ್ನೂ ಮೇಲಿರುತ್ತದೆ. ಹಳೆಯ ದೂರವಾಣಿ ವ್ಯವಸ್ಥೆ ಸುಮಾರು 300ರಿಂದ 3,400 ಹರ್ಟ್ಜ್‌ವರೆಗಿನ ಕಂಪನಗಳನ್ನಷ್ಟೇ ಒಯ್ಯುತ್ತಿತ್ತು. ಆರಂಭಕಾಲದ ರೇಡಿಯೊದ ಮೈಕು, ಪ್ರಸಾರ ಸಾಧನ, ಸ್ಪೀಕರ್‌ಗಳೂ ಮೇಲಿನ ಕಂಪನಗಳನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ. ಆದ್ದರಿಂದ ಹೆಂಗಸರ ಮಾತಿನ ವ್ಯಂಜನಗಳು ಮಾಸಿಹೋಗುತ್ತಿದ್ದವು. ಅದನ್ನು ಸರಿದೂಗಿಸಲು ಸದ್ದು ಏರಿಸಿದರೆ ದನಿ ಕೀರಲಾಗಿ ಕೇಳಿಸುತ್ತಿತ್ತು. ತೊಡಕು ಯಂತ್ರದ್ದಾಗಿದ್ದರೂ ದೋಷ ಹೆಣ್ಣಿನ ಕಂಠದ್ದೆಂದು ತೀರ್ಮಾನವಾಯಿತು. 1933ರಲ್ಲಿ ಬಿಬಿಸಿ ಶೀಲಾ ಬೊರೆಟ್ ಎಂಬುವರನ್ನು ರಾಷ್ಟ್ರೀಯ ಪ್ರಸಾರದ ಉದ್ಘೋಷಕಿಯಾಗಿ ನೇಮಿಸಿತು. ದೂರುಪತ್ರಗಳು ರಾಶಿ ಬಿದ್ದವು, ಕೆಲವೇ ತಿಂಗಳಲ್ಲಿ ಅವರನ್ನು ಆ ಕೆಲಸದಿಂದ ತೆಗೆಯಲಾಯಿತು. ಬಿಬಿಸಿ ಟೆಲಿವಿಷನ್‌ನ ಮುಖ್ಯ ವಾರ್ತೆಯನ್ನು ಮಹಿಳೆಯೊಬ್ಬರು, ಅಂದರೆ ಏಂಜೆಲಾ ರಿಪನ್, ನಿಯಮಿತವಾಗಿ ಓದತೊಡಗುವ ಹೊತ್ತಿಗೆ 1970ರ ದಶಕದ ನಡುಭಾಗ ಬಂದಿತ್ತು. ಅಷ್ಟರಲ್ಲಿ ಯಂತ್ರಗಳು ಎಷ್ಟೋ ಸುಧಾರಿಸಿದ್ದವು. ಕೆಟ್ಟ ಯಂತ್ರಗಳ ಕಾಲದಲ್ಲಿ ಹುಟ್ಟಿದ ತೀರ್ಪು ಮಾತ್ರ ಹಾಗೆಯೇ ಉಳಿದಿತ್ತು.

ಹಾಗೆಂದು ಧ್ವನಿಯ ಉದ್ಯಮದಲ್ಲಿ ಹೆಂಗಸರೇ ಇರಲಿಲ್ಲವೆಂದು ತಿಳಿಯಬಾರದು. ಅವರು ಎಲ್ಲೆಲ್ಲೂ ಇದ್ದರು. ಅಮೆರಿಕದ ಜನಪ್ರಿಯ ಕಾರ್ಟೂನ್ ಸರಣಿಯ ತುಂಟ ಹುಡುಗ ಬಾರ್ಟ್ ಸಿಂಪ್ಸನ್‌ನ ದನಿ 1987ರಿಂದಲೂ ನ್ಯಾನ್ಸಿ ಕಾರ್ಟ್‌ರೈಟ್ ಎಂಬ ಮಹಿಳೆಯದು. 1973ರ ‘ದಿ ಎಕ್ಸಾರ್ಸಿಸ್ಟ್’ ಚಿತ್ರದಲ್ಲಿ ಬಾಲಕಿಯ ಮೈಮೇಲೆ ಬಂದ ಪಿಶಾಚಿಯ ಎದೆ ನಡುಗಿಸುವ ದನಿ ಮರ್ಸಿಡಿಸ್ ಮೆಕ್‌ಕೇಂಬ್ರಿಜ್ ಅವರದು. ತೆರೆಯ ಮೇಲೆ ತಮ್ಮ ಹೆಸರು ಹಾಕಿಸಿಕೊಳ್ಳಲು ಅವರು ಜಗಳವಾಡಬೇಕಾಯಿತು. 2011ರಲ್ಲಿ ಆಪಲ್ ಫೋನುಗಳಲ್ಲಿ ಮಾತನಾಡತೊಡಗಿದ ಸಿರಿ ಎಂಬ ಯಂತ್ರ ಸಹಾಯಕಿಯ ಅಮೆರಿಕನ್ ದನಿ ಸೂಸನ್ ಬೆನೆಟ್ ಅವರದು. ಅದಕ್ಕೆ ಬಳಸಿದ್ದು ಅವರು 2005ರಲ್ಲಿ ಬೇರೊಂದು ಸಂಸ್ಥೆಗಾಗಿ ಮುದ್ರಿಸಿದ್ದ ಮಾತುಗಳನ್ನು. ಅದು ತಮ್ಮ ದನಿಯೆಂದು ಅವರಿಗೆ ತಿಳಿದದ್ದು ಫೋನು ಮಾರುಕಟ್ಟೆಗೆ ಬಂದ ಮೇಲೆ. ಅಂದರೆ ಮಗುವಿನ ಮಾತು, ದೆವ್ವದ ಮಾತು, ಸಹಾಯಕಿಯ ಮಾತು, ಮನೆಬಳಕೆಯ ಸಾಮಾನಿನ ಜಾಹೀರಾತು ಇವೆಲ್ಲ ಹೆಂಗಸರ ಪಾಲಿಗೆ ಬಂದವು. ಆಜ್ಞೆ, ಘೋಷಣೆ, ಇತಿಹಾಸ, ಯುದ್ಧ, ಲೋಕದ ವಿವರಣೆ ಗಂಡಸರ ಪಾಲಿಗೆ ಹೋದವು. ಯುನೆಸ್ಕೊ 2019ರ ತನ್ನ ವರದಿಯೊಂದರಲ್ಲಿ ಯಂತ್ರ ಸಹಾಯಕರಿಗೆ ಹೆಣ್ಣಿನ ದನಿಯನ್ನೇ ಕೊಡುವ ರೂಢಿ ಹೆಣ್ಣೆಂದರೆ ಹೇಳಿದ್ದು ಕೇಳುವವಳು ಎಂಬ ಭಾವನೆಯನ್ನು ಗಟ್ಟಿ ಮಾಡುತ್ತದೆ ಎಂದು ಎಚ್ಚರಿಸಿತು.

ಕನ್ನಡ ಪ್ರೇಕ್ಷಕರಿಗೂ ಈ ಕಾಣದ ದುಡಿಮೆ ಹೊಸದಲ್ಲ. ಗುಬ್ಬಿ ವೀರಣ್ಣನವರ ಮೊಮ್ಮಗಳಾದ ರಂಗಭೂಮಿಯ ಹಿರಿಯ ಕಲಾವಿದೆ ಬಿ. ಜಯಶ್ರೀ ಅವರು ಮಾಧವಿ, ಗಾಯತ್ರಿ ಮೊದಲಾದ ನಾಯಕಿಯರಿಗೆ ಕಂಠದಾನ ಮಾಡಿದ್ದಾರೆ. ಡಾ. ರಾಜ್‌ಕುಮಾರ್ ಅವರ ಎದುರು ಅಷ್ಟು ಸೊಗಸಾಗಿ ಕನ್ನಡ ಮಾತಾಡಿದವರು ತೆರೆಯ ಮೇಲೆ ಕಂಡ ನಟಿಯರೇ ಎಂದು ನಂಬಿ ಮೆಚ್ಚಿದವರು ಅನೇಕರು.

ಟ್ರೇಲರ್‌ಗಳಲ್ಲಿ ಹೆಣ್ಣಿನ ದನಿ ಒಮ್ಮೆಯೂ ಬಂದಿರಲಿಲ್ಲವೆಂದಲ್ಲ. 2000ದಲ್ಲಿ ‘ಗಾನ್ ಇನ್ 60 ಸೆಕೆಂಡ್ಸ್’ ಎಂಬ ಕಾರುಗಳ್ಳರ ಸಾಹಸಚಿತ್ರದ ಟ್ರೇಲರ್‌ಗೆ ಮೆಲಿಸ್ಸಾ ಡಿಸ್ನಿ ದನಿ ಕೊಟ್ಟರು. ವೇಗ, ಬೆಂಕಿ, ಕಾರುಗಳ ಆರ್ಭಟದ ನಡುವೆ ಅವರ ದನಿ ಚೆನ್ನಾಗಿಯೇ ನಿಂತಿತು. ಆಸ್ಕರ್ ಸಮಾರಂಭದ ಉದ್ಘೋಷಣೆಯನ್ನು 1990ರ ದಶಕದಲ್ಲಿ ಮೊದಲ ಬಾರಿಗೆ ಮಹಿಳೆಯೊಬ್ಬರು, ರ‍್ಯಾಂಡಿ ಥಾಮಸ್, ಮಾಡಿದರು. ಇಂಥ ಉದಾಹರಣೆಗಳು ಯಶಸ್ವಿಯಾದರೂ ಅವನ್ನು ಅಪವಾದವೆಂದು ಬದಿಗಿಟ್ಟು ಉದ್ಯಮ ಹಳೆಯ ದಾರಿಗೇ ಮರಳುತ್ತಿತ್ತು.

ಬೆಲ್ ಅವರ ಚಿತ್ರ ತನ್ನ ಉತ್ತರಾರ್ಧದಲ್ಲಿ ಮುಟ್ಟುವುದು ಇದೇ ಗಂಟನ್ನು. ಬೃಹತ್ ಚಿತ್ರಮಾಲೆಯೊಂದರ ಟ್ರೇಲರ್‌ನಲ್ಲಿ ‘ಇನ್ ಎ ವರ್ಲ್ಡ್’ ಎಂಬ ಸಾಲನ್ನು ಮತ್ತೆ ಬಳಸಲು ಸಂಸ್ಥೆಯೊಂದು ನಿರ್ಧರಿಸುತ್ತದೆ. ಕ್ಯಾರೊಲ್ ಪೈಪೋಟಿಗಿಳಿಯುತ್ತಾಳೆ, ಗುಸ್ತಾವ್ ಇಳಿಯುತ್ತಾನೆ, ಎದುರಾಳಿ ತನ್ನ ಮಗಳೆಂದು ತಿಳಿದ ಮೇಲೆ ಸ್ಯಾಮ್ ಕೂಡ ಇಳಿಯುತ್ತಾನೆ. ಕೆಲಸ ಕ್ಯಾರೊಲ್‌ಗೆ ಸಿಗುತ್ತದೆ. ಸಾಮಾನ್ಯ ಹಾಸ್ಯಚಿತ್ರವಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆಯ್ಕೆ ಮಾಡಿದ ಅಧಿಕಾರಿಣಿ ಶೌಚಾಲಯದಲ್ಲಿ ಕ್ಯಾರೊಲ್‌ಗೆ ಸಿಕ್ಕಾಗ ಕಹಿಯಾದ ಮಾತೊಂದನ್ನು ಹೇಳುತ್ತಾಳೆ: ನಿನ್ನನ್ನು ಆರಿಸಿದ್ದು ನೀನು ಎಲ್ಲರಿಗಿಂತ ಉತ್ತಮಳೆಂದಲ್ಲ, ಅಂಥ ದೊಡ್ಡ ಚಿತ್ರದ ಟ್ರೇಲರ್‌ನಲ್ಲಿ ಹೆಣ್ಣಿನ ದನಿ ಕೇಳಿಸಿದರೆ ಅದನ್ನು ಕೇಳುವ ಹುಡುಗಿಯರ ಮೇಲೆ ಆಗುವ ಪರಿಣಾಮಕ್ಕಾಗಿ. ಈ ಪಾತ್ರವನ್ನು ಮಾಡಿದವರು ಜೀನಾ ಡೇವಿಸ್. ಸಿನಿಮಾ ಮತ್ತು ಟೆಲಿವಿಷನ್‌ನಲ್ಲಿ ಹೆಣ್ಣುಮಕ್ಕಳ ಚಿತ್ರಣವನ್ನು ಅಧ್ಯಯನ ಮಾಡುವ ಸಂಸ್ಥೆಯನ್ನು 2004ರಲ್ಲಿ ಹುಟ್ಟುಹಾಕಿ ನಡೆಸಿಕೊಂಡು ಬಂದಿರುವ ನಟಿಯ ಬಾಯಿಂದಲೇ ಆ ಮಾತು ಬರುವಂತೆ ಮಾಡಿರುವುದು ಬೆಲ್ ಅವರ ಅತ್ಯಂತ ಜಾಣ ಆಯ್ಕೆ.

ಆ ಮಾತು ಕ್ಯಾರೊಲ್‌ಳ ಗೆಲುವನ್ನು ಕುಗ್ಗಿಸುತ್ತದೆ ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಅದು ಚಿತ್ರದ ಅತಿ ಪ್ರಾಮಾಣಿಕ ಗಳಿಗೆಯಾಗಿ ಕಾಣುತ್ತದೆ. ಉತ್ತಮರು ಯಾರೆಂದು ಅಳೆಯುವ ಕಿವಿಯೇ ಐವತ್ತು ವರ್ಷ ಗಂಡಸಿನ ದನಿಯಿಂದ ಪಳಗಿರುವಾಗ, ಆ ಕಿವಿಯ ತೀರ್ಪನ್ನಷ್ಟೇ ಪ್ರತಿಭೆಯ ಅಳತೆಗೋಲಾಗಿ ಹಿಡಿದರೆ ಫಲಿತಾಂಶ ಎಂದಿಗೂ ಬದಲಾಗದು. ಸ್ಕ್ರ್ಯಾಚ್ ದನಿಯಿಂದ ಒಮ್ಮೆ ಆಕಸ್ಮಿಕವಾಗಿ ತೆರೆದ ಬಾಗಿಲು ಮುಂದೆಯೂ ತೆರೆದೇ ಇರಬೇಕಾದರೆ ಯಾರಾದರೂ ಬೇಕೆಂದೇ ಅದನ್ನು ಹಿಡಿದು ನಿಲ್ಲಬೇಕು. ಕ್ಯಾರೊಲ್‌ಗೆ ನೋವಾಗುವುದೂ ನಿಜ, ಆ ಅಧಿಕಾರಿಣಿ ಮಾಡಿದ್ದು ಸರಿಯಾಗಿರುವುದೂ ನಿಜ; ಚಿತ್ರ ಎರಡನ್ನೂ ಹಾಗೆಯೇ ಬಿಡುತ್ತದೆ.

ಇಷ್ಟು ಸೂಕ್ಷ್ಮವಾದ ಚಿತ್ರ ಇನ್ನೊಂದು ಕಡೆ ಎಡವಿದೆಯೆಂದೇ ಹೇಳಬೇಕು. ಮಗುವಿನಂಥ ತೆಳು ದನಿಯಲ್ಲಿ, ಪ್ರತಿ ವಾಕ್ಯದ ಕೊನೆಯನ್ನೂ ಪ್ರಶ್ನೆಯ ಹಾಗೆ ಏರಿಸಿ ಮಾತನಾಡುವ ಎಳೆಯ ಹೆಂಗಸರನ್ನು ಅದು ಗೇಲಿ ಮಾಡುತ್ತದೆ. ಕೊನೆಯಲ್ಲಿ ಕ್ಯಾರೊಲ್ ಅಂಥವರಿಗೆ ಗಟ್ಟಿಯಾದ, ತುಂಬು ದನಿಯಲ್ಲಿ ಮಾತನಾಡುವುದನ್ನು ಕಲಿಸುವ ತರಗತಿ ನಡೆಸುತ್ತಾಳೆ. ಬೆಲ್ ಸಂದರ್ಶನಗಳಲ್ಲೂ ಈ ಬಗೆಯ ಮಾತಿನ ರೀತಿಯನ್ನು ಕಟುವಾಗಿ ಟೀಕಿಸಿದ್ದಾರೆ. ಅವರ ಕಾಳಜಿ ಅರ್ಥವಾಗುವಂಥದ್ದೇ: ಸಮರ್ಥರಾದ ಹೆಂಗಸರು ತಮ್ಮ ದನಿಯಿಂದಲೇ ತಮ್ಮನ್ನು ಚಿಕ್ಕವರನ್ನಾಗಿ ಮಾಡಿಕೊಳ್ಳುತ್ತಿದ್ದಾರೆ ಎಂಬ ಸಂಕಟ ಅದರ ಹಿಂದಿದೆ. ಆದರೂ ಹೆಣ್ಣಿನ ದನಿಗೆ ಮನ್ನಣೆ ಬೇಕೆಂದು ಹೊರಟ ಕಥೆ, ಮನ್ನಣೆ ಬೇಕಾದರೆ ನಿನ್ನ ದನಿಯನ್ನು ತಿದ್ದಿಕೋ ಎಂಬ ಹಳೆಯ ಸಲಹೆಗೆ ಬಂದು ನಿಲ್ಲುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅಧಿಕಾರಕ್ಕೆ ಬರುವ ಮುನ್ನ ತರಬೇತಿ ಪಡೆದು ತಮ್ಮ ದನಿಯನ್ನು ಇಳಿಸಿಕೊಂಡದ್ದು ಇದೇ ಸಲಹೆಯ ಫಲ.

ದನಿ ಇಳಿಯುವುದಕ್ಕೆ ತರಬೇತಿಯೇ ಬೇಕೆಂದೂ ಇಲ್ಲ. ಆಸ್ಟ್ರೇಲಿಯಾದಲ್ಲಿ ಸಿಸೀಲಿಯಾ ಪೆಂಬರ್ಟನ್ ಮತ್ತು ಅವರ ಸಹೋದ್ಯೋಗಿಗಳು 1945ರ ಸುಮಾರಿಗೆ ಮುದ್ರಿಸಿದ್ದ ಯುವತಿಯರ ಮಾತನ್ನು 1990ರ ದಶಕದ ಆರಂಭದ ಅದೇ ವಯಸ್ಸಿನವರ ಮಾತಿನ ಜೊತೆ ಹೋಲಿಸಿದರು. ದನಿಯ ಸರಾಸರಿ ಕಂಪನ 229ರಿಂದ 206 ಹರ್ಟ್ಜ್‌ಗೆ ಇಳಿದಿತ್ತು. ಎರಡು ತಲೆಮಾರುಗಳಲ್ಲಿ ಧ್ವನಿತಂತುಗಳ ಸ್ವರೂಪ ಅಷ್ಟೊಂದು ಬದಲಾಗುವುದು ಅಸಂಭವ. ಸಮಾಜದಲ್ಲಿ ಹೆಂಗಸರ ಸ್ಥಾನ ಬದಲಾದಂತೆ ಮಾತಿನ ಸ್ಥಾಯಿಯೂ ತಾನಾಗಿ ಸರಿದಿರಬೇಕು ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಹಾಗಿದ್ದರೆ ಸ್ಥಾನ ಮೊದಲು, ದನಿ ಆಮೇಲೆ. ಕ್ಯಾರೊಲ್‌ಳ ತರಗತಿ ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಈ ಚಿತ್ರ ತೆರೆಕಾಣುವ ಹೊತ್ತಿಗೆ ಅದು ಹೊಡೆದಾಡುತ್ತಿದ್ದ ಸಿಂಹಾಸನವೇ ಖಾಲಿಯಾಗುತ್ತಿತ್ತು. 2000ದ ದಶಕದಲ್ಲೇ ಟ್ರೇಲರ್ ತಯಾರಕರು ನಿರೂಪಣೆಯನ್ನು ಬಿಟ್ಟು ಚಿತ್ರದ ಸಂಭಾಷಣೆ, ಸಂಗೀತ ಮತ್ತು ಪರದೆಯ ಮೇಲಿನ ಬರಹಗಳಿಂದಲೇ ಕಥೆ ಹೇಳುವುದನ್ನು ರೂಢಿಸಿಕೊಂಡರು. ಅಷ್ಟೊಂದು ಸಲ ಕೇಳಿದ, ಅಷ್ಟೊಂದು ಸಲ ಅಣಕಕ್ಕೆ ಒಳಗಾದ ದನಿಯನ್ನು ಪ್ರೇಕ್ಷಕರು ಗಂಭೀರವಾಗಿ ತೆಗೆದುಕೊಳ್ಳುವುದು ಕಷ್ಟವಾಗಿತ್ತು. ಇಂದು ಹಾಲಿವುಡ್‌ನ ದೊಡ್ಡ ಚಿತ್ರಗಳ ಟ್ರೇಲರ್‌ಗಳಲ್ಲಿ ಹಳೆಯ ಬಗೆಯ ನಿರೂಪಕ ಅಪರೂಪ. ಧ್ವನಿ ಕಲಾವಿದರ ಕೆಲಸ ಈಗ ಆಡಿಯೊ ಪುಸ್ತಕ, ವಿಡಿಯೊ ಗೇಮ್, ಅನಿಮೇಷನ್, ಜಾಹೀರಾತು, ಓಟಿಟಿಗಳ ಡಬ್ಬಿಂಗ್ ಕಡೆಗೆ ಹರಿದಿದೆ. ಮನೆಯಲ್ಲೇ ಒಂದು ಸಣ್ಣ ಕೋಣೆಗೆ ಸದ್ದು ಹೀರುವ ಹಾಸು ಹೊದಿಸಿ, ಒಳ್ಳೆಯ ಮೈಕೊಂದನ್ನು ಇಟ್ಟುಕೊಂಡು ದುಡಿಯುವವರು ಹೆಚ್ಚಾಗಿರುವುದರಿಂದ, ಸ್ಯಾಮ್‌ನಂಥ ಹಿರಿಯರ ಶಿಫಾರಸಿಗೆ ಕಾಯಬೇಕಾದ ಅಗತ್ಯ ಕಡಿಮೆಯಾಗಿದೆ. ಬೆಲ್ ಅವರೂ ಆ ಕಡೆಗೇ ತಿರುಗಿದರು: ಮನುಷ್ಯರ ದನಿಯ ಬಗ್ಗೆ ತಮಗಿರುವ ಗೀಳನ್ನೇ ವಿಷಯವಾಗಿಟ್ಟುಕೊಂಡು 2022ರಲ್ಲಿ ಅವರು ‘ಇನ್‌ಸೈಡ್ ವಾಯ್ಸ್’ ಎಂಬ ಆಡಿಯೊ ಪುಸ್ತಕವನ್ನು ಹೊರತಂದರು, ಅದನ್ನು ಓದಿದ್ದೂ ಅವರೇ.